ಆರೂವರೆಯ ದೀಪ

ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರ ಜೊತೆ ಸಂಸಾರ ಮಾಡಿದ್ದೇನೆ ಎಂದರೆ ನನ್ನ ತಾಳ್ಮೆ ಎಂಥದ್ದೆಂದು ಬೇರೆ ಹೇಳಬೇಕಿಲ್ಲ. ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕುಳಿತು, ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಬರೆದುಕೊಳ್ಳುವುದು, ಹೊತ್ತಾದರೂ ಟೀ ಅಂಗಡಿ ಬಿಟ್ಟು ಏಳದ ಡ್ರೈವರನಿಗೆ ಸೀಟಿ ಊದುವುದು, ಇದು ನಮ್ಮನೆಯವರ ಕೆಲಸವಾಗಿತ್ತು. ಊರಿನಲ್ಲಿ ಅವರ ಹೆಸರು ಎಷ್ಟು ಜನಕ್ಕೆ ಗೊತ್ತೋ ನಾನರಿಯೆ. ಎಲ್ಲರಿಗೂ ಅವರು ಕಂಟ್ರೋಲರ್. ಈಗಲೂ ಹಾಗೇ.

ನಿವೃತ್ತರಾದ ಮರುದಿನದಿಂದ ನನ್ನ ಅಡುಗೆಮನೆಯೇ ಬಸ್ ನಿಲ್ದಾಣವಾಯಿತು. "ಇವತ್ತು ಕಾಫಿ ಒಂಬತ್ತು ನಿಮಿಷ ಲೇಟು" ಎಂಬಲ್ಲಿಂದ ಬೆಳಗಾಗುತ್ತಿತ್ತು. ನಾನು ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿದು ಕೊಡುವವಳು. ಒಂದು ದಿನ ನನ್ನ ಹೊಲಿಗೆ ಮೆಷಿನ್ನಿನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು, ಒಂದು ಅಂಗಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೈಗಡಿಯಾರ ನೋಡತೊಡಗಿದರು. ಆ ಮಧ್ಯಾಹ್ನವೇ ನಾನು ಕತ್ತರಿ ಕೆಳಗಿಟ್ಟು ಸಿಸ್ಟರ್ ಮನೆಗೆ ಹೋದೆ.

ಸಿಸ್ಟರ್ ಎಂದರೆ ನಿವೃತ್ತ ನರ್ಸ್. ವಾಚನಾಲಯದ ಹಿಂದಿನ ಕೋಣೆಯಲ್ಲಿ ಒಂದು ಬಳಗ ನಡೆಸುತ್ತಾರೆ. ಒಂಟಿಯಾಗಿರುವ ವಯಸ್ಸಾದವರ ಮನೆಗೆ ವಾರಕ್ಕೊಮ್ಮೆ ಹೋಗಿ, ಒಂದು ಗಂಟೆ ಕುಳಿತು ಮಾತಾಡಿ ಬರುವುದು, ಅಷ್ಟೇ ಕೆಲಸ. ಸಂಬಳವಿಲ್ಲ. ಒಬ್ಬರಿಗೆ ಒಬ್ಬರು ಜೊತೆ. ನಮ್ಮನೆಯವರನ್ನೂ ಅದಕ್ಕೆ ಸೇರಿಸಿಬಿಟ್ಟೆ.

"ಔಷಧಿ ಕೊಡ್ಬೇಡಿ, ಮನೆ ಕೀ ಇಟ್ಕೋಬೇಡಿ, ಬುದ್ಧಿ ಅಂತೂ ಹೇಳ್ಲೇಬೇಡಿ" ಎಂದು ಸಿಸ್ಟರ್ ನಮ್ಮನೆಯವರಿಗೆ ಮೊದಲ ದಿನವೇ ಹೇಳಿದರು. "ಸುಮ್ನೆ ಕೂತು ಬನ್ನಿ."

"ಸುಮ್ನೆ ಕೂತ್ಕೊಂಡು ಏನ್ ಮಾಡೋದು?"

"ಅದೇ ಕೆಲಸ ಕಂಟ್ರೋಲರೇ."

ಅವರ ಪಾಲಿಗೆ ಬಂದವರು ರೇಡಿಯೊ ಅಜ್ಜ. ಎಂಬತ್ತೊಂದು ವರ್ಷ. ಮದುವೆ ಆದವರಲ್ಲ. ಬದುಕಿಡೀ ರೇಡಿಯೊ ರಿಪೇರಿ ಮಾಡಿ, ಆ ಕೆಲಸ ಮುಗಿದುಹೋದ ಮೇಲೂ ಅದೇ ಬೀದಿಯ ಮಹಡಿಯ ಎರಡು ಕೋಣೆಗಳಲ್ಲಿ ಉಳಿದುಬಿಟ್ಟವರು. ಕೆಳಗಿನ ಅಂಗಡಿಯ ಬಾಗಿಲು ಮುಚ್ಚಿ ಎಷ್ಟೋ ವರ್ಷ. ಎದುರಿಗೆ ಒಂದು ಔಷಧಿ ಅಂಗಡಿ. ಹದಿನೇಳು ಮೆಟ್ಟಿಲು ಹತ್ತಿದರೆ ಅಜ್ಜನ ಬಾಗಿಲು, ಬಾಗಿಲಿನ ಮೇಲೆ ಒಂದು ಗಾಜಿನ ಹಲಗೆ. ಬೀದಿಗೆ ತೆರೆದ ಕೋಣೆಯಲ್ಲಿ ಮಂಚ, ಮೇಜು, ಮೇಜಿನ ಮೇಲೊಂದು ದೀಪ. ಹಿಂದಿನ ಕೋಣೆಯಲ್ಲಿ ರೇಡಿಯೊಗಳು. ಫೋನ್ ಇಟ್ಟುಕೊಂಡಿರಲಿಲ್ಲ. ಬಿಚ್ಚಿ ರಿಪೇರಿ ಮಾಡಲಾಗದ ವಸ್ತು ತಮಗೆ ಬೇಡವೆನ್ನುತ್ತಿದ್ದರು.

ಮೊದಮೊದಲು ಇಬ್ಬರಿಗೂ ಚೆನ್ನಾಗಿಯೇ ಹೊಂದಿಕೊಂಡಿತು. ಇವರು ಹಳೆಯ ಬಸ್ಸುಗಳ ಕಥೆ ಹೇಳುವುದು, ಅವರು ಹಳೆಯ ರೇಡಿಯೊಗಳ ಕಥೆ ಹೇಳುವುದು, ಯಾರೂ ಯಾರದ್ದನ್ನೂ ಕಿವಿಗೊಟ್ಟು ಕೇಳದಿದ್ದರೂ ಇಬ್ಬರಿಗೂ ಖುಷಿ. ಆಮೇಲೆ ಅಜ್ಜ ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದರು. ಅಂಥದ್ದೇನೂ ಆಗಲಿಲ್ಲ, ಮೊಣಕೈ ತರಚಿತು ಅಷ್ಟೆ. ಆದರೆ ನಮ್ಮನೆಯವರ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಯಿತು. ಎರಡು ದಿನ ಯೋಚಿಸಿ ಒಂದು ವ್ಯವಸ್ಥೆ ಮಾಡಿದರು. ದಿನಾ ಸಂಜೆ ಸರಿಯಾಗಿ ಆರೂವರೆಗೆ ಅಜ್ಜ ಕಿಟಕಿಯ ಬಳಿಯ ದೀಪ ಹಾಕಬೇಕು. ಇವರು ಎದುರು ಬದಿಯಲ್ಲಿ ನಿಂತು ನೋಡುತ್ತಾರೆ. ದೀಪ ಹತ್ತಿದರೆ ಅಜ್ಜ ಕ್ಷೇಮ. ಹತ್ತದಿದ್ದರೆ ಮೇಲೆ ಹೋಗಿ ನೋಡಬೇಕು.

ಯೋಚನೆಯೇನೋ ಒಳ್ಳೆಯದೇ. ಕಷ್ಟವೆಂದರೆ ಅದನ್ನು ನಡೆಸುವವರು ನಮ್ಮನೆಯವರು. ಆರು ಮೂವತ್ತೈದಾದರೆ ಸಾಕು, ಹದಿನೇಳು ಮೆಟ್ಟಿಲು ಹತ್ತಿ ಬಾಗಿಲು ಬಡಿದು, "ಯಾಕ್ರೀ ಯಜಮಾನ್ರೇ, ಐದು ನಿಮಿಷ ಲೇಟು?" ಎಂದು ಕೇಳುತ್ತಿದ್ದರು. ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ. ಅದರಲ್ಲಿ ತಾರೀಕು, ಗಂಟೆ, ನಿಮಿಷ.

ಅಜ್ಜನ ಸಂಕಟ ನನಗೆ ತಿಳಿದದ್ದು ಆಮೇಲೆ. ಅವರ ಅಂಗಿಗಳ ಹರಿದ ಕಾಲರು ಹೊಲಿದುಕೊಡಲು ಒಮ್ಮೆ ಹೋಗಿದ್ದೆ. ಹಿಂದಿನ ಕೋಣೆಯಲ್ಲಿ ಮರದ ಪೆಟ್ಟಿಗೆಯಂಥ ಹಳೆಯ ರೇಡಿಯೊ ತೋರಿಸಿದರು. ಎಲ್ಲೋ ಸಮುದ್ರದಾಚೆಯ ಒಂದು ಸ್ಟೇಷನ್ ಅದರಲ್ಲಿ ಸಿಗುವುದು ಹೊತ್ತು ಮುಳುಗುವಾಗ ಮಾತ್ರವಂತೆ, ಅದೂ ಅರ್ಧ ಗಂಟೆ. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಹಿಡಿದಿಟ್ಟುಕೊಳ್ಳಬೇಕು, ಕೈ ಬಿಟ್ಟರೆ ಹೋಯಿತು. "ಅದು ಸಿಕ್ಕೋ ಹೊತ್ತಿಗೇ ನಿನ್ನ ಯಜಮಾನ್ರ ಆರೂವರೆ ಬರುತ್ತಮ್ಮ" ಎಂದರು.

ಆಮೇಲೆ ಕಳ್ಳನಗು ನಗುತ್ತಾ ನನ್ನನ್ನು ಮುಂದಿನ ಕೋಣೆಗೆ ಕರೆದೊಯ್ದರು. ಗೋಡೆಯ ಪ್ಲಗ್ಗಿಗೆ ದುಂಡಗಿನದೊಂದು ಸಿಕ್ಕಿಸಿದ್ದರು. ಸುತ್ತಲೂ ಪುಟ್ಟ ಪುಟ್ಟ ಹಲ್ಲುಗಳು, ನಡುವೆ ಗಂಟೆಗಳ ಅಂಕಿ. ದೀಪದ ವೈರು ಅದಕ್ಕೆ ಸೇರಿತ್ತು.

"ಟೈಮರು. ಆರೂವರೆಗೆ ತಾನೇ ಹಾಕುತ್ತೆ, ಒಂಬತ್ತಕ್ಕೆ ತಾನೇ ಆರಿಸುತ್ತೆ. ಕರೆಂಟ್ ಹೋದ್ರೆ ಮಾತ್ರ ಇದೂ ನಿಂತುಬಿಡುತ್ತೆ. ಎಷ್ಟು ಹೊತ್ತು ಕರೆಂಟ್ ಇರಲಿಲ್ವೋ ಅಷ್ಟೇ ಹೊತ್ತು ಹಿಂದೆ ಬೀಳುತ್ತೆ. ನಾನು ಬಿಡ್ತೀನಾ? ಕರೆಂಟ್ ಬಂದ ತಕ್ಷಣ ತಿರುಗಿಸಿ ಸರಿ ಮಾಡಿಬಿಡ್ತೀನಿ." ತುಟಿಯ ಮೇಲೆ ಬೆರಳಿಟ್ಟರು. "ಅವರಿಗೆ ಹೇಳ್ಬೇಡ ತಾಯಿ. ಬೇಜಾರ್ ಮಾಡ್ಕೋತಾರೆ."

ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನಿಜ ಹೇಳುತ್ತೇನೆ, ಅಜ್ಜನ ಮೇಲಿನ ಕರುಣೆಗಿಂತ ನನ್ನ ಗಂಡನಿಗೆ ಯಾರೋ ಒಬ್ಬರು ಚಳ್ಳೆಹಣ್ಣು ತಿನ್ನಿಸಿದರಲ್ಲ ಎಂಬ ಸಂತೋಷವೇ ನನಗೆ ಹೆಚ್ಚಾಗಿತ್ತು. ಅವತ್ತಿನಿಂದ ದಿನಾ ರಾತ್ರಿ ಊಟಕ್ಕೆ ಕುಳಿತಾಗ ಇವರು, "ನೋಡೇ, ಇವತ್ತೂ ಕರೆಕ್ಟ್ ಆರೂವರೆ. ಮನುಷ್ಯ ಅಂದ್ರೆ ಹಾಗಿರ್ಬೇಕು" ಎಂದಾಗಲೆಲ್ಲ ನಾನು ಸೆರಗು ಬಾಯಿಗೆ ಒತ್ತಿಕೊಂಡು ಪಾತ್ರೆ ತೊಳೆಯಲು ಏಳುತ್ತಿದ್ದೆ.

ದೀಪದ ಸುದ್ದಿ ಬಳಗದಲ್ಲಿ ಹಬ್ಬಿತು. ಉಳಿದವರೂ ತಮಗೂ ಇರಲಿ ಎಂದರು. ನೋಡನೋಡುತ್ತಾ ಹನ್ನೊಂದು ಮನೆಗಳಲ್ಲಿ ದೀಪದ ವ್ಯವಸ್ಥೆ ಬಂತು, ಹನ್ನೊಂದಕ್ಕೂ ನಮ್ಮನೆಯವರೇ ಉಸ್ತುವಾರಿ. ದೊಡ್ಡ ಹಾಳೆಯಲ್ಲಿ ಗೆರೆ ಎಳೆದು, ಯಾವ ಮನೆ ಮೊದಲು, ಯಾವುದು ಆಮೇಲೆ ಎಂದು ದಾರಿ ಗೊತ್ತುಮಾಡಿದರು. ಕೈಕೊಡುವ ಮನೆಗಳೆಲ್ಲ ಮೊದಲಿಗೆ. ಎಂದೂ ತಪ್ಪದ ರೇಡಿಯೊ ಅಜ್ಜನ ಮನೆ ಕೊನೆಗೆ, ಏಳು ಗಂಟೆಯ ಮೇಲೆ. ಸಂಜೆ ಟಾರ್ಚು, ಪುಸ್ತಕ ಹಿಡಿದು ಹೊರಟರೆ ಅವರ ನಡಿಗೆಯೇ ಬೇರೆ.

"ಅಜ್ಜನ ಹತ್ರ ಹೋಗಿ ಕೂತು ಬಂದ್ರಾ ಕಂಟ್ರೋಲರೇ?" ಎಂದು ಸಿಸ್ಟರ್ ಕೇಳಿದರೆ, "ಒಂದು ದಿನಾನೂ ತಪ್ಪಿಲ್ಲ ಸಿಸ್ಟರ್, ಎಲ್ಲಾ ಬರೆದಿದ್ದೀನಿ" ಎಂದು ಪುಸ್ತಕ ಮುಂದೆ ಹಿಡಿಯುತ್ತಿದ್ದರು. ಅವರು ಕೇಳಿದ್ದು ಒಂದು, ಇವರು ಹೇಳಿದ್ದು ಇನ್ನೊಂದು. ಅಜ್ಜನ ಎದುರು ಕುಳಿತು ಮಾತಾಡಿ ಹದಿನೆಂಟು ದಿನವಾಗಿತ್ತು. ನಾನೂ ಒಂದು ಮಾತು ಹೇಳಬಹುದಿತ್ತು. ಶಾಲೆ ಶುರುವಾಗುವ ಕಾಲ, ಮೂವತ್ತು ಜೊತೆ ಸಮವಸ್ತ್ರ ಬಾಕಿ ಇತ್ತು, ಇವರು ಸಂಜೆ ಮನೆಯಲ್ಲಿಲ್ಲದಿದ್ದರೆ ನನಗೂ ಅನುಕೂಲವೇ.

ಆ ಮಂಗಳವಾರ ಇವರು ಮನೆಗೆ ಬಂದಾಗ ಏಳೂಕಾಲು ದಾಟಿತ್ತು. ನಾನು ಒಂದು ನಿಲುವಂಗಿಗೆ ಗುಂಡಿ ಹಚ್ಚುತ್ತಿದ್ದೆ. ಚಪ್ಪಲಿ ಬಿಡುವ ಶಬ್ದದಲ್ಲೇ ಸಿಟ್ಟು ಗೊತ್ತಾಯಿತು.

"ರೇಡಿಯೊ ಯಜಮಾನ್ರು ಇವತ್ತು ನನ್ನ ಜೀವ ತೆಗೆದುಬಿಟ್ರು" ಎಂದರು. "ಏಳು ಗಂಟೆ ಐದು ನಿಮಿಷಕ್ಕೆ ಹೋಗ್ತೀನಿ, ದೀಪ ಇಲ್ಲ. ಕಿಟಕಿ ಕತ್ತಲೆ. ಕೈಕಾಲೇ ಆಡ್ಲಿಲ್ಲ ಕಣೇ. ನಾಲ್ಕು ನಿಮಿಷ ನೋಡಿದೆ, ಆಮೇಲೆ ಮೆಟ್ಟಿಲು ಹತ್ತಿದೆ. ಹತ್ತು ಹನ್ನೆರಡು ಮೆಟ್ಟಿಲು ಹತ್ತಿದ್ದೆ ಅಷ್ಟೆ, ಬಾಗಿಲ ಮೇಲಿನ ಗಾಜಲ್ಲಿ ಪಳಕ್ ಅಂತ ಬೆಳಕು. ಹೋದ ಜೀವ ಬಂದ ಹಾಗಾಯ್ತು."

"ಒಳಗೆ ಹೋದ್ರಾ?"

"ಯಾಕೆ ಹೋಗ್ಲಿ? ದೀಪ ಹಾಕಿದ್ರಲ್ಲ. ಅಲ್ಲೇ ನಿಂತು, ನಲವತ್ತು ನಿಮಿಷ ಲೇಟು ಯಜಮಾನ್ರೇ, ಹೀಗೆ ಮಾಡ್ಬೇಡಿ ಅಂತ ಕೂಗಿ ಹೇಳಿ ಇಳಿದು ಬಂದೆ."

"ಅವರೇನಂದ್ರು?"

"ಏನಂತಾರೆ? ತಪ್ಪು ಮಾಡಿದೋರು."

ಉತ್ತರಕ್ಕೆ ಇವರು ಕಾದಿರಲಿಲ್ಲ. ಬಸ್ಸಿಗೆ ಸೀಟಿ ಊದಿದ ಮೇಲೆ ಡ್ರೈವರ್ ಏನೆಂದ ಎಂದು ಕಾಯುವ ಅಭ್ಯಾಸ ಅವರಿಗೆ ಯಾವ ಕಾಲದಲ್ಲೂ ಇಲ್ಲ.

ನನ್ನ ಕೈಯ ಸೂಜಿ ನಿಂತಿತು. ನಲವತ್ತು ನಿಮಿಷ. ಆ ಮಧ್ಯಾಹ್ನ ನಾನು ಎಷ್ಟು ಹೊತ್ತು ಕೈಕಟ್ಟಿ ಕುಳಿತಿದ್ದೆನೆಂದು ನನಗೆ ಚೆನ್ನಾಗಿ ನೆನಪಿತ್ತು. ಎರಡು ಗಂಟೆ ಹತ್ತು ನಿಮಿಷಕ್ಕೆ ಕರೆಂಟ್ ಹೋಗಿ ನನ್ನ ಮೆಷಿನ್ ಅರ್ಧ ತೋಳಿನಲ್ಲಿ ನಿಂತಿತ್ತು. ಮತ್ತೆ ಬಂದದ್ದು ಮೂರಕ್ಕೆ ಹತ್ತು ನಿಮಿಷ ಇರುವಾಗ. ಇಡೀ ಬಡಾವಣೆಗೇ ಹೋಗಿತ್ತು. ಟೈಮರು ನಲವತ್ತು ನಿಮಿಷ ಹಿಂದೆ ಬಿದ್ದಿತ್ತು, ಅಜ್ಜ ಅದನ್ನು ಸರಿ ಮಾಡಿರಲಿಲ್ಲ.

ಮರೆತಿರಬಹುದು, ಎಂದುಕೊಂಡೆ. ಮಲಗಿರಬಹುದು. ಮೂರು ಗಂಟೆಯಿಂದ ಏಳರವರೆಗೆ ಮಲಗುತ್ತಾರೆಯೇ? ಆ ಹೊತ್ತು ಮುಳುಗುವ ಸ್ಟೇಷನ್ನನ್ನು ಬಿಟ್ಟು? ಹೇಳಿದರೆ ಇವರು ಮೂರು ತಿಂಗಳು ಒಂದು ಯಂತ್ರಕ್ಕೆ ಶಹಬ್ಬಾಸ್ ಹೇಳಿದ್ದಾರೆಂದೂ, ನಾನು ಕುಳಿತು ನಕ್ಕಿದ್ದೇನೆಂದೂ ಹೇಳಬೇಕು. ಇವರು ಕೈಕಾಲು ತೊಳೆದು ಬಂದು ತಟ್ಟೆಯ ಮುಂದೆ ಕುಳಿತರು. ನಾನು ಬಡಿಸಿದೆ ಕೂಡ. ನನ್ನ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಾಗುವುದು ಅದಕ್ಕೇ. ಮಾತು ಗಂಟಲಲ್ಲಿ ಇಟ್ಟುಕೊಂಡು ಅನ್ನ ಬಡಿಸಿದೆ.

ಅವರು ಎರಡನೆಯ ತುತ್ತು ಎತ್ತುವಾಗ ಹೇಳಿದೆ. "ರೀ, ಆ ದೀಪ ಹಾಕೋದು ಅಜ್ಜ ಅಲ್ಲ."

ತುತ್ತು ಬಾಯಿಯ ಹತ್ತಿರವೇ ನಿಂತಿತು. ನಾಲ್ಕು ಮಾತಿನಲ್ಲಿ ಎಲ್ಲ ಹೇಳಿಬಿಟ್ಟೆ. ಅಜ್ಜನ ಸ್ಟೇಷನ್ನು, ಟೈಮರು, ಕರೆಂಟು, ನಲವತ್ತು ನಿಮಿಷ. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. "ಬಸ್ ಸ್ಟ್ಯಾಂಡ್ ಲೈಟಿಗೂ ಅದೇ ಇತ್ತು" ಎಂದರು, ತಮಗೆ ತಾವೇ ಹೇಳಿಕೊಂಡ ಹಾಗೆ. ಎಂಜಲು ಕೈಯಲ್ಲೇ ಎದ್ದರು. ಬಾಗಿಲಿಗೆ ಬೀಗ ಹಾಕಿದೆವೋ ಇಲ್ಲವೋ ನೆನಪಿಲ್ಲ.

ನಡೆದರೆ ಹನ್ನೆರಡು ನಿಮಿಷದ ದಾರಿ. ಅವತ್ತು ನಾವು ಓಡಿದೆವು, ನಾನು ಐವತ್ತೆಂಟರವಳು, ಅವರು ಅರವತ್ತೆರಡರವರು. ತರಕಾರಿ ಗಾಡಿಯವನು "ಏನಾಯ್ತು ಕಂಟ್ರೋಲರೇ?" ಎಂದು ಕೂಗಿದ. ಯಾರು ಹೇಳಬೇಕು? ಬೀದಿಯ ತಿರುವಿನಲ್ಲಿ ಅಜ್ಜನ ಕಿಟಕಿ ಕಂಡಿತು. ದೀಪ ಉರಿಯುತ್ತಿತ್ತು. ಏನೂ ಆಗಿಲ್ಲವೆಂಬಂತೆ ಹಳದಿಯಾಗಿ, ನೆಟ್ಟಗೆ ಉರಿಯುತ್ತಿತ್ತು. ನಿಲ್ಲದೆ ಹದಿನೇಳು ಮೆಟ್ಟಿಲನ್ನೂ ಹತ್ತಿದೆವು.

"ಯಜಮಾನ್ರೇ!" ಬಾಗಿಲು ಬಡಿದರು. "ಯಜಮಾನ್ರೇ, ನಾನು!" ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ ಬಸ್ಸುಗಳನ್ನು ಕೂಗುತ್ತಿದ್ದ ಗಂಟಲು ಅದು. ಒಳಗಿನಿಂದ ಉಸಿರು ಕೂಡ ಬರಲಿಲ್ಲ.

ಒಳಗಿನಿಂದ ಚಿಲಕ ಹಾಕಿತ್ತು. ಕೀ ನಮ್ಮ ಬಳಿ ಇರುವಂತಿಲ್ಲ, ಇದ್ದರೂ ಚಿಲಕಕ್ಕೆ ಅದು ಕೆಲಸಕ್ಕೆ ಬರುತ್ತಿರಲಿಲ್ಲ. ನಾನು ಕೆಳಗಿಳಿದು ಔಷಧಿ ಅಂಗಡಿಯವರನ್ನು ಕೂಗಿದೆ. ಅವರು ಕುಳಿತಿದ್ದ ಸ್ಟೂಲನ್ನೂ, ಶಟರ್ ಎಳೆಯುವ ಕಬ್ಬಿಣದ ಕೊಕ್ಕೆಯನ್ನೂ ಹಿಡಿದು ಬಂದರು. ನಮ್ಮನೆಯವರು ಯಾರಿಗೂ ಬಿಡಲಿಲ್ಲ. ತಾವೇ ಸ್ಟೂಲ್ ಹತ್ತಿ, ಬಾಗಿಲ ಮೇಲಿನ ಗಾಜು ಒಡೆದು, ಚೂರುಗಳ ನಡುವೆ ತೋಳು ತೂರಿಸಿ ಚಿಲಕಕ್ಕೆ ತಡಕಾಡಿದರು. ಬಾಗಿಲ ಮೇಲೆ ರಕ್ತ ಇಳಿಯಿತು. "ರೀ, ಕೈ!" ಎಂದೆ. ಚಿಲಕ ಸರಿಯಿತು.

ಅಜ್ಜ ಮಂಚಕ್ಕೂ ಮೇಜಿಗೂ ನಡುವೆ ಅಂಗಾತ ಬಿದ್ದಿದ್ದರು. ಒಂದು ಕಾಲು ಇರಬಾರದ ದಿಕ್ಕಿಗೆ ತಿರುಗಿತ್ತು. ಕಣ್ಣು ತೆರೆದೇ ಇತ್ತು, ತುಟಿ ಬೆಳ್ಳಗೆ ಒಣಗಿತ್ತು. ಎಡಗೈ ಗೋಡೆಯ ಪ್ಲಗ್ಗಿನ ಕಡೆಗೆ ಚಾಚಿಕೊಂಡಿತ್ತು, ಒಂದು ಗೇಣು ಉಳಿದಿತ್ತು ಅಷ್ಟೆ. ಅವರ ಎರಡೂ ಚಪ್ಪಲಿಗಳು ಅವರ ಕಾಲಬುಡದಲ್ಲಿರದೆ ಕಿಟಕಿಯ ಕೆಳಗೆ ಒಂದೊಂದು ಕಡೆ ಬಿದ್ದಿದ್ದವು. ಅದೇಕೆಂದು ಆಗ ನನಗೆ ಹೊಳೆಯಲಿಲ್ಲ.

ನಮ್ಮನೆಯವರು ನೆಲಕ್ಕೆ ಕುಳಿತು ಅಜ್ಜನ ಮೂಗಿನ ಬಳಿ ಬೆರಳು ಹಿಡಿದರು. ನಾನು ಅವರ ಮುಖವನ್ನೇ ನೋಡುತ್ತಾ ನಿಂತೆ. ಇನ್ನು ಈ ಮುಖ ಹೇಗೆ ಬದಲಾಗುತ್ತದೋ ಹಾಗೆ ನಮ್ಮಿಬ್ಬರ ಉಳಿದ ಆಯಸ್ಸು ಎನ್ನಿಸಿತು. "ಇದೆ" ಎಂದರು. "ಉಸಿರಿದೆ." ಔಷಧಿ ಅಂಗಡಿಯವರು ಆಂಬುಲೆನ್ಸಿಗೆ, ಸಿಸ್ಟರಿಗೆ ಫೋನ್ ಮಾಡಿದರು. ಸಿಸ್ಟರ್ ಬಂದು, ಅಲುಗಾಡಿಸಬೇಡಿ ಎಂದು ಹೇಳಿ, ಒದ್ದೆ ಬಟ್ಟೆಯಿಂದ ಅಜ್ಜನ ತುಟಿ ಒರೆಸಿದರು. ಯಾರೂ ದೀಪ ಆರಿಸಲಿಲ್ಲ. ಒಂಬತ್ತಾಗಿ ನಲವತ್ತು ನಿಮಿಷಕ್ಕೆ ಅದು ತಾನೇ ಆರಿರಬೇಕು.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಈ ವಯಸ್ಸಿನಲ್ಲಿ ಏನೂ ಹೇಳಲಾಗದು ಎಂದು ಡಾಕ್ಟರು ಮೂರು ದಿನ ಒಂದೇ ಮಾತು ಹೇಳಿದರು. ಆ ಮೂರು ದಿನ ನಮ್ಮನೆಯವರು ನನ್ನೊಡನೆ ಬೇಕು ಬೇಡ ಎಂಬಷ್ಟೇ ಮಾತಾಡಿದ್ದು. ಕೈಗೆ ಆರು ಹೊಲಿಗೆ ಬಿದ್ದಿತ್ತು. ಬೈದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ನಾಲ್ಕನೆಯ ದಿನ ಸಂಜೆ ಅಜ್ಜನನ್ನು ವಾರ್ಡಿಗೆ ತಂದರು. ಸಾಲುಮಂಚದ ಕೊನೆಯಲ್ಲಿ, ಕಿಟಕಿಯ ಪಕ್ಕ. ನಾವು ಹೋದಾಗ ಎಚ್ಚರವಾಗಿದ್ದರು. ನಾನು ತಡೆಯಲಾರದೆ, "ಅವತ್ತೇ ಹೇಳಿಬಿಡಬೇಕಿತ್ತು ಅಜ್ಜಾ, ನನ್ನದೇ ತಪ್ಪು" ಎಂದು ಅತ್ತುಬಿಟ್ಟೆ.

"ಹೇಳ್ಬೇಡ ಅಂದಿದ್ದು ನಾನಲ್ವೇನಮ್ಮ" ಎಂದರು. ದನಿ ಗೀರು ಬಿದ್ದ ಹಾಗಿತ್ತು. ಆಮೇಲೆ ನಮ್ಮನೆಯವರ ಕಡೆ ಕಣ್ಣು ಹೊರಳಿಸಿದರು. "ಬಿದ್ದಿದ್ದು ಮಧ್ಯಾಹ್ನ ಊಟಕ್ಕೆ ಮುಂಚೆ ಕಂಟ್ರೋಲರೇ. ಕೂಗಿ ಕೂಗಿ ದನಿ ಹೋಯ್ತು. ಹೋದ್ರೆ ಹೋಗ್ಲಿ, ಸಂಜೆ ನೀವು ಬಂದೇ ಬರ್ತೀರಿ ಅಂತಿದ್ದೆ. ಆಮೇಲೆ ಆ ಹಾಳು ಟೈಮರು ನೆನಪಾಯ್ತು."

ನಾನು ಕೊಟ್ಟ ನೀರು ಒಂದು ಗುಟುಕು ಕುಡಿದರು.

"ಪ್ಲಗ್ ಕೀಳೋಣ ಅಂದ್ರೆ ಕೈ ಎಟುಕಲಿಲ್ಲ. ದೀಪ ಒಡೆಯೋಣ ಅಂತ ಎರಡೂ ಚಪ್ಪಲಿ ಎಸೆದೆ. ತಾಗ್ಲಿಲ್ಲ. ಆರೂವರೆ ಆಯ್ತು, ದೀಪ ಹತ್ತಲಿಲ್ಲ. ಆಗ ಮಧ್ಯಾಹ್ನ ಫ್ಯಾನ್ ನಿಂತಿದ್ದು, ಕರೆಂಟ್ ಹೋಗಿದ್ದು ನೆನಪಾಗಿ, ದೇವರೇ ಬಂದ ಅಂದ್ಕೊಂಡೆ. ನಿಮ್ಮ ಚಪ್ಪಲಿ ಸದ್ದು ನಂಗೆ ಗೊತ್ತು. ಮೆಟ್ಟಿಲು ಹತ್ತೋದು ಕೇಳಿಸ್ತು. ಒಂದೊಂದೇ ಎಣಿಸ್ತಿದ್ದೆ. ಹನ್ನೊಂದು ಅನ್ನೋವಾಗ ದೀಪ ಹತ್ತಿತು."

ನಮ್ಮನೆಯವರು ಮಂಚದ ಕಂಬಿ ಹಿಡಿದುಕೊಂಡರು.

"ಆಮೇಲೆ ನೀವು ಇಳಿಯೋದು ಕೇಳಿಸ್ತು" ಎಂದರು ಅಜ್ಜ. ಅದರಲ್ಲಿ ಆಕ್ಷೇಪಣೆ ಇರಲಿಲ್ಲ, ಅದಕ್ಕೇ ತಡೆದುಕೊಳ್ಳಲು ಕಷ್ಟವಾಯಿತು. "ಎಷ್ಟು ಗಂಟೆ ಅಂತ ಬರ್ಕೊಂಡ್ರಿ?"

"ಏಳು ಹತ್ತು."

"ಸರಿಯಾಗೇ ಬರ್ಕೊಂಡಿದ್ದೀರಿ."

ಮದುವೆಯಾಗಿ ಮೂವತ್ತೇಳು ವರ್ಷದಲ್ಲಿ ನಮ್ಮನೆಯವರು ನಾಲ್ಕು ಜನರ ಎದುರು ಅತ್ತದ್ದನ್ನು ನಾನು ಕಂಡಿರಲಿಲ್ಲ. ಹೊಲಿಗೆ ಹಾಕಿದ ಕೈಯಿಂದಲೇ ಕಣ್ಣು ಒರೆಸಿಕೊಂಡರು. ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿದರು. ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು, ಆಮೇಲೆ ಹಿಡಿದುಕೊಂಡೆ.

"ಆ ಟೈಮರು ಕಿತ್ತು ಬಿಸಾಕಿ" ಎಂದರು ಅಜ್ಜ. "ವಾಪಸ್ ಹೋದ್ಮೇಲೆ ದೀಪ ನಾನೇ ಹಾಕ್ತೀನಿ. ಒಂದು ದಿನ ಹತ್ತದೇ ಇದ್ರೆ, ಬಂದು ನೋಡಿ."

"ಹತ್ತಿದ್ರೂ ಬರ್ತೀನಿ" ಎಂದರು ನಮ್ಮನೆಯವರು.

ವಾರ್ಡಿನ ನರ್ಸ್ ಬಾಗಿಲಲ್ಲಿ ನಿಂತು, ನೋಡಲು ಬಂದವರೆಲ್ಲ ಹೊರಡಬೇಕು, ಟೈಮ್ ಆಯ್ತು ಎಂದಳು. ನಾನು ಚೀಲ ಎತ್ತಿಕೊಂಡು ಎದ್ದೆ. ನಮ್ಮನೆಯವರು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು. "ಆ ನಿಮ್ಮ ಸ್ಟೇಷನ್ನು" ಎಂದು ಅಜ್ಜನನ್ನು ಕೇಳಿದರು, "ಅದ್ರಲ್ಲಿ ಏನ್ ಬರುತ್ತೆ ಯಜಮಾನ್ರೇ?"